ಓದದೆ ಉಳಿದ ಸಾಲು

ಅಕ್ಕಿ ತೊಳೆಯುತ್ತಿದ್ದ ನಾಗಶ್ರೀಯ ಕೈ ನೀರಿನಲ್ಲೇ ನಿಂತಿತು. ರಸ್ತೆಯಾಚೆಯ ಕಾಲೇಜು ಮೈದಾನದಲ್ಲಿ ಹುಲ್ಲು ಕತ್ತರಿಸುವ ಗಾಡಿ ಸ್ಟಾರ್ಟ್ ಆಗಿತ್ತು. ಎರಡು ಸಲ ಕೆಮ್ಮಿ ಮೂರನೆಯ ಸಲಕ್ಕೆ ಹತ್ತಿಕೊಂಡಿತು. ಅದರ ಮೇಲೆ ಕೂತು ಓಡಿಸುತ್ತಿದ್ದ ಅವಳ ಗಂಡ ರವೀಂದ್ರನನ್ನು ಮಣ್ಣು ಮಾಡಿದ್ದು ನಿನ್ನೆ.

“ಯಾರು ಅತ್ತೆ, ಓಡಿಸ್ತಿರೋದು?”

“ಬೀರೇಶ. ಕಾಲೇಜ್ ಸ್ಟೋರಿನೋನು,” ಗೋಡೆಗೆ ಒರಗಿದ್ದ ಕಾಳಕ್ಕ ಅಲ್ಲಿಂದಲೇ ಹೇಳಿದಳು. “ಭಾನ್ವಾರ ಅದೇನೋ ಮ್ಯಾಚ್ ಐತಂತೆ. ಹುಲ್ಲಿಗೇನು, ಯಾರು ಸತ್ರೂ ಬೆಳೀತೈತೆ.”

ನಾಗಶ್ರೀ ಕೈ ಒರೆಸಿಕೊಂಡಳು. ಮೈದಾನದಂಚಿನ ಮಣ್ಣಿನ ಏರಿಯ ಹುಲ್ಲನ್ನು ಯಾವಾಗಲೂ ಕೊನೆಗೆ ಕತ್ತರಿಸುತ್ತಾರೆ. ಇನ್ನು ಅರ್ಧ ಗಂಟೆ ಇದ್ದೀತು.

*

ನಿನ್ನೆ ಗುಂಡಿ ತೋಡುವವರು ಬೆವರೊರೆಸಿಕೊಳ್ಳುತ್ತಿದ್ದಾಗ ರವೀಂದ್ರನ ಸೋದರಮಾವ ರೇವಣಸಿದ್ದಪ್ಪ ಹೇಳಿದ್ದ: “ನಮ್ಮ ಕುರಿ ಬಿಟ್ಟಿದ್ರೆ ಒಂದೇ ದಿನಕ್ಕೆ ಆ ಮೈದಾನ ಬೋಳಿಸ್ತಿದ್ವು. ಕೇಳಿದ್ರೆ ನಗ್ತಿದ್ದ, ‘ನಂದೂ ಒಂದು ಕುರಿನೇ ಮಾವ, ಪೆಟ್ರೋಲ್ ಕುಡಿಯೋದು’ ಅಂತ.”

ಕಾಲೇಜಿನ ಮೇಲ್ವಿಚಾರಕ ನಾಗಭೂಷಣ ಚಪ್ಪಲಿ ಬಿಟ್ಟು ದೂರ ನಿಂತಿದ್ದ. “ಸೀಟು ಬಿಟ್ಟು ಎದ್ರೆ ತಾನೇ ಆಫ್ ಆಗೋ ಗಾಡಿ ಕಣ್ರಿ ಅದು. ಏರಿ ಮೇಲೆ ವಾಲೈತೆ, ಜಿಗಿದವ್ನೆ. ಆಫ್ ಆಗಿಲ್ಲ. ಬ್ಲೇಡು ತಿರುಗ್ತಾ ತಿರುಗ್ತಾನೇ ಮೇಲೆ ಬಂದೈತೆ.”

“ಅಂದ್ರೆ ಯಾರೋ ಕೈಯಾಡ್ಸವ್ರೆ,” ಎಂದ ರೇವಣಸಿದ್ದಪ್ಪ.

“ಕೈಯಾಡ್ಸಿದೋರ ಕೈ ಸೇದೋಗ್ಲಿ,” ಎಂದು ಕಾಳಕ್ಕ ಮಗನ ಮೇಲೆ ಹಿಡಿ ಮಣ್ಣು ಹಾಕಿದಳು. ಇನ್ನೊಂದು ಕೈಯಲ್ಲಿ ನಾಗಶ್ರೀಯ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು.

*

ಮಣ್ಣು ಮಾಡಿದ್ದಕ್ಕೆ ಹಿಂದಿನ ದಿನ ಬೆಳಿಗ್ಗೆ ಗಾಡಿ ತಗ್ಗುದಿಣ್ಣೆ ಸಿಕ್ಕಲ್ಲೆಲ್ಲ ನಿಂತುಹೋಗುತ್ತಿತ್ತು. ರವೀಂದ್ರ ಪ್ಲಗ್ ಉಜ್ಜಿದ್ದ, ಫಿಲ್ಟರ್ ಊದಿದ್ದ, ಬ್ಲೇಡಿಗೆ ಸುತ್ತಿಕೊಂಡ ಗರಿಕೆ ಬಿಡಿಸಿದ್ದ. ಕೊನೆಗೆ ಬೀರೇಶನಿಂದ ಗಾಡಿಯ ಪುಸ್ತಕ ಕೇಳಿ ತಂದು, ಹೊಸದುರ್ಗಕ್ಕೆ ಪಾಠ ಮಾಡಲು ಹೊರಟಿದ್ದ ಹೆಂಡತಿಯ ಬ್ಯಾಗಿಗೆ ತುರುಕಿದ್ದ. ಅದು ಪೂರ್ತಿ ಇಂಗ್ಲಿಷಿನಲ್ಲಿತ್ತು.

ಮಧ್ಯಾಹ್ನ ಫೋನ್ ಮಾಡಿದ. “ಎಂ.ಎ. ಮೇಡಮ್ಮೋರೇ, ಪಾಠ ಶುರು ಮಾಡ್ರಿ.”

ಅವಳು ಸ್ಟಾಫ್ ರೂಮಿನಲ್ಲಿ ಕೂತು ಓದಿ ಹೇಳಿದಳು. “ಸೀಟಿನ ಕೆಳಗೆ ಒಂದು ಸ್ವಿಚ್ ಇರುತ್ತೆ. ಅದರ ವೈರ್ ಬಿಚ್ಚಿ, ಎರಡು ಪಿನ್ನಿಗೂ ಸೇರಿಸಿ ಒಂದು ತಂತಿ ಸಿಗಿಸಿ. ಆಫ್ ಆಗೋದು ನಿಂತರೆ ಸ್ವಿಚ್ಚೇ ಕೆಟ್ಟಿದೆ ಅಂತ.”

ಸ್ವಲ್ಪ ಹೊತ್ತಿಗೆ ಆ ಕಡೆಯಿಂದ ಕೂಗು. “ಲೇ, ಏನ್ ಓಡ್ತೈತೆ ನೋಡೇ!”

ಬೆಲ್ ಹೊಡೆಯಿತು. “ಇನ್ನೂ ಇದೆ ಕಣ್ರೀ, ಸಂಜೆ ಓದ್ತೀನಿ.”

“ಓಡ್ತೈತಲ್ಲ, ಇನ್ನೇನ್ ಓದ್ತೀಯ,” ಎಂದು ನಕ್ಕ.

ಮೂರೂವರೆಗೆ ನಾಗಭೂಷಣನ ಫೋನ್ ಬಂತು.

*

“ಇನ್ನೂ ಗುಂಡಿಗೆ ಹಾಲುತುಪ್ಪ ಬಿಟ್ಟಿಲ್ಲ. ಹೊಸ್ತಿಲು ದಾಟ್ತೀಯಾ?” ಕಾಳಕ್ಕ ಎದ್ದು ನಿಂತಳು.

“ಬೀರೇಶನ ಪುಸ್ತಕ ಅತ್ತೆ. ಕೊಡಬೇಕು.”

“ಯಾರ ಕೈಲಾದ್ರೂ ಕಳ್ಸು.”

“ಬೇರೆಯವರಿಗೆ ಓದೋಕೆ ಬರಲ್ಲ,” ಎಂದು ನಾಗಶ್ರೀ ರಸ್ತೆ ದಾಟಿದಳು.

ಬೀರೇಶ ಆಗಲೇ ಏರಿಯತ್ತ ತಿರುಗಿದ್ದ. ಕೂಗಿದ್ದು ಅವನಿಗೆ ಕೇಳಿಸಲಿಲ್ಲ. ಅವಳು ಓಡಿಹೋಗಿ ಗಾಡಿಗೆ ಅಡ್ಡ ನಿಂತಳು. ಅವನು ಬ್ರೇಕ್ ಹಾಕಿ ಗಡಿಬಿಡಿಯಿಂದ ಎದ್ದ.

“ಅಯ್ಯೋ ಅತ್ತಿಗೆ, ನೀವ್ಯಾಕ್ ಬಂದ್ರಿ? ಇರ್ರಿ, ಎದ್ರೆ ತಾನೇ ಆಫ್...”

ಆಫ್ ಆಗಲಿಲ್ಲ. ಬ್ಲೇಡು ತಿರುಗುತ್ತಲೇ ಇತ್ತು. ಬೀರೇಶ ಖಾಲಿ ಸೀಟು ನೋಡಿದ. ಅವನ ಕೈಗೆ ಚಾವಿ ಸಿಗಲು ಸ್ವಲ್ಪ ಹೊತ್ತು ಹಿಡಿಯಿತು.

ಸದ್ದು ನಿಂತ ಮೇಲೆ ಅವಳು ಪುಸ್ತಕ ಬಿಚ್ಚಿ ಓದಿದಳು. “‘ಪರೀಕ್ಷೆ ಮುಗಿದ ಕೂಡಲೇ ತಂತಿ ತೆಗೆಯಿರಿ. ತಂತಿ ಇರುವಾಗ ಗಾಡಿ ಓಡಿಸಬೇಡಿ.’ ಅವರಿಗೆ ನಾನು ಇದರ ಮೇಲಿನ ಸಾಲಿನವರೆಗೆ ಮಾತ್ರ ಓದಿದ್ದೆ.”

ಸೊಸೆಯ ಹಿಂದೆಯೇ ಬಂದು ಗೇಟಿನ ಬಳಿ ನಿಂತಿದ್ದ ಕಾಳಕ್ಕನಿಗೂ ಅದು ಕೇಳಿಸಿತು. ಅವಳು ಒಳಗೆ ಬರಲಿಲ್ಲ, ಹಿಂದಿರುಗಲೂ ಇಲ್ಲ.

ಬೀರೇಶ ಸೀಟು ಎತ್ತಿದ. ಕೆಂಪು ತಂತಿಯ ಎರಡೂ ತುದಿಗಳಲ್ಲಿ ಹಲ್ಲಿನಿಂದ ಕಚ್ಚಿ ಸುಲಿದ ಗುರುತು ಹಾಗೇ ಇತ್ತು. ಅವನು ಅದನ್ನು ಮುಟ್ಟಲಿಲ್ಲ. ನಾಗಶ್ರೀ ಪುಸ್ತಕವನ್ನು ಅವನ ಕೈಗೆ ಕೊಟ್ಟು, ಬಗ್ಗಿ, ತಂತಿಯನ್ನು ತಾನೇ ಎಳೆದಳು.