ಲೀದಿಯಾಳಿಗೆ ಅಳು ಬಂದ ದಿನ

ನಾನು ನೀಲಿ ಅಂಚಿನ ಒಂದು ಬಿಳಿ ಬೋಗುಣಿ. ಹುಟ್ಟಿದ್ದು ಕಬ್ಬಿಣದ ತಗಡಾಗಿ; ಗಾಜಿನಂಥ ಬಣ್ಣದಲ್ಲಿ ಅದ್ದಿ ಭಟ್ಟಿಯಲ್ಲಿ ಸುಟ್ಟ ಮೇಲೆ ಈ ಹೊಳಪು ಬಂತು. ಮೊದಲು ಬೆಟಗೇರಿಯ ಒಂದು ಆಸ್ಪತ್ರೆಯಲ್ಲಿದ್ದೆ. ಡಾಕ್ಟರುಗಳು ನನ್ನಲ್ಲಿ ಕೈ ತೊಳೆಯುತ್ತಿದ್ದರು. ಸ್ಟೀಲಿನವು ಬಂದಾಗ ಅಲ್ಲಿ ಆಯಾ ಆಗಿದ್ದ ರಾಹೇಲಮ್ಮನಿಗೆ ನನ್ನನ್ನು ಕೊಟ್ಟುಬಿಟ್ಟರು. ಅವಳು ತನ್ನ ಒಬ್ಬನೇ ಮಗ ಸತ್ಯನಾಥನನ್ನು ನನ್ನೊಳಗೆ ಕೂರಿಸಿ ನೀರೆರೆಯುತ್ತಿದ್ದಳು. ಅವನು ನೀರು ಬಡಿದು ನಗುತ್ತಿದ್ದ. ಅವನು ಬೆಳೆದ, ನಾನು ಅಟ್ಟ ಸೇರಿದೆ.

ಸತ್ಯನಾಥ ಲೀದಿಯಾಳನ್ನು ಮದುವೆಯಾದ. ವರ್ಷ ತುಂಬುವುದರೊಳಗೆ ಜ್ವರ ಬಂದು ತೀರಿಕೊಂಡ. ಲೀದಿಯಾ ಅಳಲಿಲ್ಲ. ಮಣ್ಣು ಕೊಟ್ಟು ಬಂದವಳು ಒಲೆ ಹಚ್ಚಿ ಅಕ್ಕಿ ತೊಳೆದಳು.

"ನೀ ಬಂದಿ, ನನ್ನ ಮಗ ಹೋದ," ಎಂದಳು ರಾಹೇಲಮ್ಮ. ಸೊಸೆ ತೊಳೆದ ಅಕ್ಕಿಯನ್ನು ಒಲೆಯ ಮೇಲಿಟ್ಟಳು.

ಲೀದಿಯಾಳ ಅಣ್ಣ ಎಲೀಷ ಕರೆಯಲು ಬಂದ. "ದಿನಾ ಬೈಸ್ಕೊಂಡು ಇಲ್ಲಿ ಯಾಕ ಇರ್ತಿ? ನಡಿ ತಂಗೀ."

"ತಂದಿ-ತಾಯಿನ್ನ ಗೌರವದಿಂದ ನೋಡ್ಕೋರಿ ಅಂತ ದೇವರು ಹೇಳ್ಯಾನ. ಬೈದ್ರ ಬಿಟ್ಟುಬಿಡ್ರಿ ಅಂತ ಹೇಳಿಲ್ಲಣ್ಣಾ," ಎಂದಳು. ದನಿಯಲ್ಲಿ ಏನೂ ಇರಲಿಲ್ಲ.

ಮುಂದೆ ಸಕ್ಕರೆ ಕಾಯಿಲೆಯಿಂದ ರಾಹೇಲಮ್ಮನ ಪಾದಗಳು ಮರಗಟ್ಟಿದವು. ಮುಳ್ಳು ಚುಚ್ಚಿದರೂ ತಿಳಿಯದು. ದಿನಾ ತೊಳೆದು, ಗಾಯವಿದೆಯೇ ನೋಡಬೇಕೆಂದು ಡಾಕ್ಟರು ಹೇಳಿದರು. ನನ್ನನ್ನು ಅಟ್ಟದಿಂದ ಇಳಿಸಿದರು. ಮಧ್ಯಾಹ್ನ ಊಟವಾದ ಮೇಲೆ ಲೀದಿಯಾ ಮೊಣಕೈ ಅದ್ದಿ ನೀರಿನ ಬಿಸಿ ನೋಡುವಳು, ಪಾದ ತೊಳೆಯುವಳು, ಬೆರಳ ಸಂದಿ ಒರೆಸುವಳು. ಕೆಳಗಿನಿಂದ ನನಗೆ ಇಬ್ಬರ ಮುಖವೂ ಕಾಣುತ್ತಿತ್ತು. ಅವೂ ಆ ಪಾದಗಳ ಹಾಗೆಯೇ ಮರಗಟ್ಟಿದ್ದವು.

ಒಂದು ದಿನ ರಾಹೇಲಮ್ಮ ಕೇಳಿದಳು: "ನನ್ನ ಮ್ಯಾಲ ನಿನಗ ಪ್ರೀತಿ ಐತೇನು?"

ಲೀದಿಯಾಳ ಕೈ ನಿಂತಿತು. ಸುಳ್ಳಾಡಬಾರದೆಂಬುದೂ ದೇವರ ಮಾತೇ ಅಲ್ಲವೆ?

"ಇಲ್ರೀ ಅತ್ತಿ."

"ಮತ್ತ ಯಾಕ ತೊಳೀತಿ?"

"ದೇವರು ಹೇಳ್ಯಾನಲ್ರೀ."

ಮುದುಕಿ ತನ್ನ ಪಾದಗಳನ್ನು ಬಗ್ಗಿ ನೋಡಿದಳು. ಆಮೇಲೆ, "ಪ್ರೀತಿ ಇಲ್ಲಂದ್ರೂ ಚಲೋ ತೊಳೀತಿ ಬಿಡು," ಎಂದು ನಕ್ಕಳು. ಲೀದಿಯಾಳಿಗೂ ನಗು ಬಂತು. ನನ್ನೊಳಗಿನ ನೀರು ಅಲುಗಾಡಿತು.

ಅಂದಿನಿಂದ ರಾಹೇಲಮ್ಮ ಮಗನ ಬಾಲ್ಯದ ಮಾತು ತೆಗೆದಳು. ಸದಾ ಮುಚ್ಚಿರುತ್ತಿದ್ದ ಬಾಗಿಲು ಮಧ್ಯಾಹ್ನ ತೆರೆದಿರತೊಡಗಿತು. ನೆರೆಯ ಹೆಂಗಸರು ಬಂದು ಕೂತರು. ಕೆಲಸ ಮೊದಲಿನದೇ. ಲೀದಿಯಾಳ ಕೈ ಮಾತ್ರ ಹಗುರಾಗಿತ್ತು. ಕೆಲವೊಮ್ಮೆ ಗುನುಗುತ್ತಲೂ ಇದ್ದಳು.

ಒಂದು ಚಳಿಗಾಲದಲ್ಲಿ ರಾಹೇಲಮ್ಮ ತೀರಿಕೊಂಡಳು. ಎಲೀಷ ಮತ್ತೆ ಬಂದ. "ಇನ್ನರ ಬಾ. ನಿನ್ನ ಕೆಲಸ ಮುಗೀತು."

ಲೀದಿಯಾ ರೂಢಿಯಂತೆ ನೀರು ಕಾಯಿಸಿ ನನ್ನಲ್ಲಿ ಸುರಿದಳು. ಎದುರಿನ ಕುರ್ಚಿ ಖಾಲಿ ಇತ್ತು. ಸ್ವಲ್ಪ ಹೊತ್ತು ನೋಡಿ, ತಾನೇ ಅದರಲ್ಲಿ ಕೂತು, ಮೊಣಕೈ ಅದ್ದಿ ನೋಡದೆ ಪಾದ ಇಳಿಸಿದಳು.

"ಅಯ್ಯ, ಬಿಸಿ!" ಎಂದು ಕಾಲು ಎಳೆದುಕೊಂಡಳು. ಮರುಕ್ಷಣವೇ "ಅತ್ತೀ…" ಎಂದು ಜೋರಾಗಿ ಅತ್ತಳು. ಸತ್ಯನಾಥನನ್ನೂ ಹೆಸರು ಹಿಡಿದು ಕರೆದಳು.

ಹೊರಗೆ ಕೂತಿದ್ದ ಎಲೀಷ ಓಡಿ ಬಂದ. "ಏನಾತು?"

"ಅಳು ಬಂತಣ್ಣಾ," ಎಂದಳು ಅವಳು, ಅಳುತ್ತಲೇ, ಬಹಳ ದಿನಕ್ಕೆ ಊರಿಂದ ಯಾರೋ ಬಂದರೆಂದು ಹೇಳುವವಳಂತೆ.

ಅವಳು ಅಲ್ಲೇ ಉಳಿದಳು. ನನ್ನ ತಳ ತೂತಾಗಿ, ಈಗ ಹಿತ್ತಲಲ್ಲಿ ಬೋರಲು ಬಿದ್ದಿದ್ದೇನೆ. ನೆರೆಯ ಮುದುಕಿಯರು ಮಧ್ಯಾಹ್ನ ಪಾದ ತೋರಿಸಲು ಬರುತ್ತಾರೆ. ಹೊಸ ಬೋಗುಣಿಗೆ ನೀರು ಬೀಳುವುದು ಇಲ್ಲಿಗೂ ಕೇಳಿಸುತ್ತದೆ. ದೇವರ ಆಜ್ಞೆ ಎಂಥದೆಂದು ನಾನು ಹೇಳಲಾರೆ. ಅದನ್ನು ನಡೆಸಿದವಳ ಕೈಗಳನ್ನು ಮಾತ್ರ ಬಲ್ಲೆ.