ಏಕಾದಶಿಯ ಡೀಸೆಲ್

ಮಗಳು ಕೀಲಿ ತಿರುವಿದಾಗಲೆಲ್ಲ ಕಾರಿನ ಎಂಜಿನ್ ಗರಗರ ಅಂದು ಸುಮ್ಮನಾಗುತ್ತಿತ್ತು. ಕಟ್ಟೆಯ ಮೇಲೆ ಜಪಮಣಿ ಹಿಡಿದು ಕೂತಿದ್ದ ವಾದಿರಾಜರಿಗೆ ಒಳಗೊಳಗೇ ಸಮಾಧಾನ. ಮಗಳ ಮೇಲೆ ಸಿಟ್ಟೇನಿರಲಿಲ್ಲ, ಹೆದರಿಕೆಯಿತ್ತು. ಗಾಡಿ ಚಾಲೂ ಆಗದಿದ್ದರೆ ಶುಭಾ ದೋಣಿಮಲೈ ಶಾಲೆಯ ಕೆಲಸದ ಹಠ ಬಿಟ್ಟಾಳು ಅನ್ನುವ ಆಸೆ.

ಹೊಸಪೇಟೆಯಿಂದ ಮೊದಲ ಬಸ್ಸು ಹಿಡಿದರೂ ಅಲ್ಲಿನ ಶಾಲೆಯ ಗಂಟೆಗೆ ಮುಟ್ಟುವುದಿಲ್ಲ. ಕಣ್ಣು ಮಂಜಾದ ಮೇಲೆ ವಾದಿರಾಜರು ಸ್ಟೇರಿಂಗ್ ಮುಟ್ಟಿಲ್ಲ. ಹಾಗಾಗಿ ಮಗಳೇ ಡ್ರೈವಿಂಗ್ ಕಲಿತು, ಹೋದ ವಾರ ದಾರಿ ನೋಡಿಕೊಂಡು ಬರುತ್ತೇನೆಂದು ಒಬ್ಬಳೇ ಹೋಗಿದ್ದಳು. ಸಂಡೂರಿನ ಏರಿನಲ್ಲಿ ಗಾಡಿ ಕೆಮ್ಮಿ ಕೆಮ್ಮಿ ನಿಂತೇಬಿಟ್ಟಿತು. ಹಿಂದೆ ಅದಿರಿನ ಲಾರಿಗಳ ಸಾಲು, ಕಿವಿ ಹರಿಯುವ ಹಾರನ್ನು. ಆ ಸುದ್ದಿ ಕೇಳಿದ ದಿನವೇ ಅವರು "ಹೆಣ್ಮಕ್ಕಳಿಗ್ಯಾಕ ಗಾಡಿ ಉಸಾಬರಿ" ಅಂದು ಹಳೆ ಕಾರಿನ ವ್ಯಾಪಾರಿ ಹೊನ್ನೂರುಸ್ವಾಮಿಗೆ ಫೋನ್ ಮಾಡಿದ್ದರು. ಅವನು ಇವತ್ತು ಗಾಡಿ ಒಯ್ಯಲು ಬರುವವನಿದ್ದ.

ಅವನು ಬರುವುದರೊಳಗೆ ಗಾಡಿ ಸರಿಯಾಗಬೇಕೆಂದು ಶುಭಾ ಹೊಸ ಡೀಸೆಲ್ ಫಿಲ್ಟರ್ ತಂದು, ಬೆಳಿಗ್ಗೆಯಿಂದ ಬಾನೆಟ್ಟಿನೊಳಗೆ ತಲೆ ಹಾಕಿದ್ದಳು. ಹಳೆಯದನ್ನು ಬಿಚ್ಚಿ ಬಗ್ಗಿಸಿದರೆ ಬೋಗುಣಿಗೆ ಕೆಂಪು ಕೆಸರು ಇಳಿದಿತ್ತು. ರೋಗ ಸಿಕ್ಕಿತೆಂದು ಕುಣಿದಿದ್ದಳು. ಹೊಸದು ಕೂಡಿಸಿದ ಮೇಲೆ ನೋಡಿದರೆ ಗಾಡಿ ಕೆಮ್ಮುವುದನ್ನೂ ಬಿಟ್ಟಿತ್ತು.

"ಆ ಬೋಗುಣಿ ಯಾವುದೇ? ಅಡಿಗಿ ಮನೀದಲ್ಲ ಹೌದಲ್ಲೋ?" ಒಳಗಿನಿಂದ ತಾಯಿ ರಾಧಾಬಾಯಿ ಕೂಗಿದರು.

"ಬಚ್ಚಲದ್ದಮ್ಮಾ!"

ಹೊನ್ನೂರುಸ್ವಾಮಿ ಬಂದವನೇ ಟಯರಿಗೆ ಕಾಲಲ್ಲಿ ಒದ್ದು ನೋಡಿದ. "ಸ್ವಾಮೇರ, ಇದು ಚಾಲೂ ಆಗಂಗಿಲ್ರಿ. ಕಟ್ಟಿ ಎಳಕೊಂಡು ಹೋಗ್ತೀನಿ. ಅಮ್ಮಾರ, ಬಿಡ್ರಿ ಅತ್ಲಾಗ. ಹೆಣ್ಮಕ್ಕಳಿಗ್ಯಾಕ ಈ ಉಸಾಬರಿ?"

ತಮ್ಮದೇ ಮಾತು. ಇನ್ನೊಬ್ಬನ ಬಾಯಲ್ಲಿ ಕೇಳಿದಾಗ ವಾದಿರಾಜರಿಗೆ ಚುರ್ರೆಂದಿತು. ಮಗಳ ಮೂಗಿನ ಮೇಲೆ ಮಸಿ; ಕಣ್ಣಲ್ಲಿ ನೀರು ತುಂಬಿದ್ದರೂ ಕೈ ನಟ್ಟು ಬಿಚ್ಚುವ ಪಾನಾ ಬಿಟ್ಟಿರಲಿಲ್ಲ. ಅವರು ಜಪಮಣಿ ಗೂಡಿನಲ್ಲಿಟ್ಟು ಇಳಿದು ಬಂದರು.

"ಹೊಸಾ ಫಿಲ್ಟರಿಗೆ ಡೀಸೆಲ್ ತುಂಬಿ ಕೂಡಿಸಿದ್ಯೇನು?"

"ಇಲ್ಲಪ್ಪಾ, ಖಾಲೀನೇ ಕೂಡಿಸಿದೆ."

"ಪೈಪಿನ್ಯಾಗ ಗಾಳಿ ಸೇರ್ಯಾದ. ಆ ರಬ್ಬರ್ ಪಂಪು ಒತ್ತು."

"ಅದು ಕಲ್ಲಾಗ್ಯಾದ, ಜಗ್ಗಂಗಿಲ್ಲ. ಬಾಯಿಲೇ ಎಳೀಬೇಕು."

ಶುಭಾ ಫಿಲ್ಟರಿನ ತುದಿಗೆ ಸಣ್ಣ ಪೈಪು ಸಿಕ್ಕಿಸಿ ಬಾಯಿಗೆ ಒಯ್ದಳು. ವಾದಿರಾಜರು ಅದನ್ನು ಕಿತ್ತುಕೊಂಡರು.

"ಏನ್ರೀ! ಇವತ್ತು ಏಕಾದಶಿ ಅದ!" ರಾಧಾಬಾಯಿ ಬಾಗಿಲಿಗೆ ಓಡಿಬಂದರು. ಏಕಾದಶಿಯ ದಿನ ಗಂಡ ಗುಟುಕು ನೀರು ಕುಡಿದದ್ದನ್ನೂ ಅವರು ಕಂಡಿರಲಿಲ್ಲ. ಜ್ವರ ಬಂದಾಗಲೂ ಮಾತ್ರೆ ಮರುದಿನಕ್ಕೇ.

"ಇಕಿ ನಾಳೆ ಮಕ್ಕಳಿಗೆ ಪಾಠ ಹೇಳಬೇಕು. ಗಂಟಲು ಕೆಟ್ರ ಹೆಂಗ?"

ಅಷ್ಟು ಹೇಳಿ ವಾದಿರಾಜರು ಕಣ್ಣು ಮುಚ್ಚಿ ಎಳೆದರು. ಮೊದಲು ಬರೀ ಗಾಳಿ. ದಮ್ಮು ಕಟ್ಟಿ ಮತ್ತೆ ಎಳೆದಾಗ ಬಾಯಿ ತುಂಬ ಡೀಸೆಲ್. ಥೂ ಥೂ ಎಂದು ಉಗುಳುತ್ತ ತುಳಸಿಕಟ್ಟೆಯಿಂದ ದೂರ ಓಡಿದರು. ಹೊನ್ನೂರುಸ್ವಾಮಿ ನಗಬೇಕೋ ಬೇಡವೋ ತಿಳಿಯದೆ ಗೇಟು ಹಿಡಿದು ನಿಂತ.

ಶುಭಾ ಎಂಜಿನ್ನಿನ ಪೈಪು ಮತ್ತೆ ಜೋಡಿಸಿ ಕೀಲಿ ತಿರುವಿದಳು. ಎಂಜಿನ್ ಒಮ್ಮೆ ಮುಗ್ಗರಿಸಿತು, ಸಾವರಿಸಿಕೊಂಡಿತು, ಆಮೇಲೆ ಓಣಿಯೆಲ್ಲ ಕೇಳುವಂತೆ ಗುಡುಗಿತು. ವಾದಿರಾಜರಿಗೆ ನಾಲಿಗೆ ಉರಿಯುತ್ತಿತ್ತು, ಎದೆ ಮಾತ್ರ ಹಗುರಾಗಿತ್ತು.

"ಬಾಯಿ ಮುಕ್ಕಳಿಸ್ರಿ," ರಾಧಾಬಾಯಿ ತಂಬಿಗೆ ಚಾಚಿದರು. "ವ್ರತ ಕೆಡಂಗಿಲ್ಲ ಬಿಡ್ರಿ. ಡೀಸೆಲ್ ಏನು ಧಾನ್ಯ ಅಲ್ಲ."

"ಹೊನ್ನೂರುಸ್ವಾಮಿ, ನಿನಗ ಸುಮ್ನ ಓಡಾಟ ಆತಪಾ," ವಾದಿರಾಜರು ಮುಖ ಒರೆಸಿಕೊಂಡರು. "ಗಾಡಿ ಮನ್ಯಾಗ ಬೇಕಾಗ್ಯಾದ."

ಏರಿನಲ್ಲಿ ಒಮ್ಮೆ ಓಡಿಸಿ ನೋಡೋಣವೆಂದು ಶುಭಾ ಅಂದಳು. ವಾದಿರಾಜರು ರೂಢಿಯಂತೆ ಬಲಗಡೆಯ ಬಾಗಿಲಿಗೇ ಹೋದರು. ಅಲ್ಲಿ ಮಗಳು ಕೂತಿದ್ದಳು. ಒಂದು ಗಳಿಗೆ ನಿಂತು, ಸುತ್ತಿ ಬಂದು ಎಡಗಡೆ ಹತ್ತಿದರು. ಬೆಲ್ಟು ಯಾವ ಕಡೆಯಿಂದ ಎಳೆಯಬೇಕೆಂದು ತಿಳಿಯದೆ ತಡಕಾಡಿದರು. ಶುಭಾ ಬಗ್ಗಿ ಅದನ್ನು ಎಳೆದು ಸಿಕ್ಕಿಸಿ, ಗೇರ್ ಹಾಕಿದಳು.