ಎರಡು ಸೀಟಿ

ಮಾವನ ಸೀಟಿ ಒಂದು ಸಲ ಕೂಗಿತೆಂದರೆ ಸೊಸೆ ಎಲ್ಲಿದ್ದರೂ "ಬಂದೆ ಮಾವಾ" ಎಂದು ಓಡಬೇಕು. ಅದು ಆ ಮನೆಯ ಕಾನೂನು. ಅವರು ಬಸ್ ಕಂಡಕ್ಟರಾಗಿ ಊದಿ ಸವೆಸಿದ ಹಿತ್ತಾಳೆ ಸೀಟಿ ಅದು. ಕಾಲು ಬಿದ್ದುಹೋಗಿ ಮಂಚ ಹಿಡಿದ ಮೇಲೂ ಕೊರಳಿನಿಂದ ಇಳಿದಿರಲಿಲ್ಲ. ದಿಂಬು ಜಾರಿದರೆ ಸೀಟಿ, ಬಾಯಾರಿದರೆ ಸೀಟಿ, ಗೋಡೆಯ ಮೇಲೆ ಹಲ್ಲಿ ಕಂಡರೂ ಸೀಟಿ. ಮಗ ತೀರಿಕೊಂಡ ಮೇಲೆ ಅದನ್ನು ಕೇಳುವ ಕಿವಿ ಸೊಸೆಯದು ಮಾತ್ರ.

ಅವಳಿಗೂ ಕೊಂಚ ಬಿಡುವಿರಲೆಂದು ಆರೈಕೆ ಕೇಂದ್ರದವರು ಶನಿವಾರ ಶನಿವಾರ ಒಬ್ಬಾಕೆಯನ್ನು ಕಳಿಸಲು ಒಪ್ಪಿದರು. ಒಂದೇ ಷರತ್ತು: ಮೊದಲ ದಿನವೇ ಹಿರಿಯರು ಆಕೆಯನ್ನು ಒಪ್ಪಿಕೊಳ್ಳಬೇಕು. ಬೇಡವೆಂದು ರಂಪ ಮಾಡಿದರೆ ಆ ಶನಿವಾರ, ಕಾದು ಕೂತಿರುವ ಇನ್ನೊಂದು ಮನೆಯ ಪಾಲು.

"ಅಂದ್ರೆ ಬದಲಿ ಕಂಡಕ್ಟರ್ರು," ಎಂದು ಮಾವ ಆಕೆಯನ್ನು ಮೇಲಿಂದ ಕೆಳಗೆ ನೋಡಿದರು. "ನನ್ನ ಸರ್ವಿಸ್‌ನಲ್ಲೇ ಬದಲಿಯವರ ಕೈಗೆ ಬ್ಯಾಗ್ ಕೊಟ್ಟೋನಲ್ಲ ನಾನು."

"ಬ್ಯಾಗ್ ನೀವೇ ಇಟ್ಕೊಳಿ ಯಜಮಾನ್ರೆ. ನಂಗೆ ಬೆಡ್‌ಪ್ಯಾನ್ ಕೊಟ್ರೆ ಸಾಕು," ಎಂದಳು ಬದಲಿ.

ಮಾವ ಮುಖ ಗಂಟಿಕ್ಕುವ ಮೊದಲೇ ಸೊಸೆ ಚಪ್ಪಲಿ ಮೆಟ್ಟಿ, "ಬರ್ತೀನಿ ಮಾವ" ಎಂದವಳೇ ಬೀದಿಗೆ ಬಿದ್ದಳು. ಬೀದಿಗೆ ಬೀಳುವುದು ಇಷ್ಟು ಸೊಗಸಾಗಿರುತ್ತದೆಂದು ಅವಳಿಗೆ ಯಾರೂ ಹೇಳಿರಲಿಲ್ಲ. ಕೈಯಲ್ಲಿ ತಟ್ಟೆಯಿಲ್ಲ, ಮಾತ್ರೆಯಿಲ್ಲ. ಖಾಲಿ ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಬೀಸಿಕೊಂಡೇ ನಡೆದಳು.

ನಾಲ್ಕು ರಸ್ತೆ ಸೇರುವಲ್ಲಿ ಟ್ರಾಫಿಕ್ ಪೊಲೀಸ್ ಸೀಟಿ ಊದಿದ.

"ಬಂದೆ ಮಾವಾ!"

ಕಣ್ಣು ಮುಚ್ಚಿ ಬಿಡುವಷ್ಟರಲ್ಲಿ ನಡುರಸ್ತೆಯಲ್ಲಿ ಅವನೆದುರು ನಿಂತಿದ್ದಳು. ಸುತ್ತ ಗಾಡಿಗಳೆಲ್ಲ ಗಕ್ಕನೆ ನಿಂತವು. ಇನ್ನೂ ಮೀಸೆ ಸರಿಯಾಗಿ ಬಲಿಯದ ಹುಡುಗ ಪೊಲೀಸ್.

"ಏನಮ್ಮಾ, ನಾನ್ ನಿಮ್ಗೆ ಯಾವಾಗ ಮಾವ ಆದೆ? ನಂಗಿನ್ನೂ ಮದ್ವೆನೇ ಆಗಿಲ್ಲ!"

"ಮಗ ಹುಟ್ಟೋಕೆ ಮುಂಚೇನೇ ಸೊಸೆ ಬಂದ್ಬಿಟ್ಲು ಸಾರ್, ಅದೃಷ್ಟವಂತ್ರು!" ಎಂದು ಆಟೋದವನೊಬ್ಬ ಕೂಗಿದ.

ಉದ್ಯಾನದ ಜೈಂಟ್ ವೀಲ್ ಹತ್ತಿರ ಕಾಯುತ್ತಿದ್ದ ಅಕ್ಕನಿಗೆ ಇದನ್ನು ಹೇಳುವಷ್ಟರಲ್ಲಿ ನಕ್ಕು ನಕ್ಕು ಇಬ್ಬರ ಹೊಟ್ಟೆಯೂ ಹುಣ್ಣಾಯಿತು.

"ಮಾವ ಬೇರೆ ಹುಡುಕ್ಕೊಂಡ್ಯಾ? ಮನೇಲಿರೋರು ಸಾಲ್ಲಿಲ್ವೇನೇ?" ಎನ್ನುತ್ತ ಅಕ್ಕ ಅವಳನ್ನು ತೊಟ್ಟಿಲಿಗೆ ಹತ್ತಿಸಿದಳು. ಅಡ್ಡ ಸರಳು ಹಾಕಬೇಕು, ಆಗ ಫೋನ್ ಬಂತು. ಮನೆಯ ನಂಬರು. ಮಾತಿಲ್ಲ. ಪೀಂ, ಪೀಂ ಎಂದು ಎರಡು ಸೀಟಿ, ಕಟ್ಟಾಯಿತು. ತಿರುಗಿ ಮಾಡಿದರೆ ಯಾರೂ ಎತ್ತಲಿಲ್ಲ.

ಆ ಮನೆಯಲ್ಲಿ ಎರಡು ಸೀಟಿ ಎಂದೂ ಕೂಗಿದ್ದಿಲ್ಲ.

"ಒಂದಕ್ಕೆ ಬಾ ಅಂದ್ರೆ ಎರಡಕ್ಕೆ ಓಡಿ ಬಾ ಅಂತ್ಲೇ ಕಣೇ. ಹೋಯ್ತು ನನ್ ಶನಿವಾರ," ಎಂದು ಸೊಸೆ ತೊಟ್ಟಿಲಿನಿಂದ ಜಿಗಿದು ಆಟೋ ಹಿಡಿದಳು.

ಏದುಸಿರು ಬಿಡುತ್ತ ಬಾಗಿಲು ತಳ್ಳಿದರೆ, ಮುಖದ ತುಂಬ ಸೋಪಿನ ನೊರೆ ಹೊತ್ತು ಮಾವ ಸುಖವಾಗಿ ಒರಗಿದ್ದರು. ಬದಲಿಯ ಕೈಯಲ್ಲಿ ರೇಜರ್.

"ಇದೇನೇ, ಯಾಕ್ ಬಂದೆ?"

"ಎರಡು ಸೀಟಿ ಊದಿದ್ರಲ್ಲ ಮಾವ!"

ಮಾವ ಹಣೆ ಚಚ್ಚಿಕೊಂಡರು. ನೊರೆ ಗೋಡೆಗೆ ಹಾರಿತು. "ಒಂದು ಊದಿದ್ರೆ ನಿಲ್ಸು. ಎರಡು ಊದಿದ್ರೆ ರೈಟ್, ಹೋಗ್ತಾ ಇರು! ಕಂಡಕ್ಟರ್ ಮನೆ ಸೊಸೆ, ಅಷ್ಟೂ ಗೊತ್ತಿಲ್ವಾ?"

"ಹೋಗ್ತಾ ಇರು ಅಂತ ಯಾವತ್ತಾದ್ರೂ ಊದಿದ್ರಾ ನೀವು?"

ಮಾವ ಏನೋ ಹೇಳಲು ಬಾಯಿ ತೆರೆದರು. ಒಂದಿಷ್ಟು ನೊರೆ ಒಳಗೂ ಹೋಯಿತು.

"ಡಿಪೋದಲ್ಲಿ ನಿಮ್ಗೆ ವಾರದ ರಜೆ ಇತ್ತಾ ಅಂತ ಕೇಳ್ದೆ ಅಷ್ಟೇ," ಎಂದಳು ಬದಲಿ. "ಇತ್ತು ಅಂದ್ರು. ಆಮೇಲೆ ಫೋನ್ ಹಿಡಿ ಅಂದು ಊದಿದ್ರು. ನೀವು ತಿರುಗಿ ಫೋನ್ ಮಾಡಿದಾಗ ನನ್ ಕೈಯೆಲ್ಲ ಸೋಪು."

"ರಜೆಯಲ್ಲಿರೋರಿಗೆ ಡಿಪೋ ಒಳಗೆ ಏನು ಕೆಲ್ಸ?" ಮಾವ ಗೋಡೆಯತ್ತ ಮುಖ ತಿರುಗಿಸಿದರು. ದನಿ ಯಾಕೋ ಒರಟಾಗಲು ಒಪ್ಪಲಿಲ್ಲ. "ಮುಂದಿನ ಶನಿವಾರಾನೂ ಬದಲೀನೇ ಡ್ಯೂಟಿ. ನಡಿ ನಡಿ."

ಅಕ್ಕ ಇನ್ನೂ ಅಲ್ಲೇ ಕಾಯುತ್ತಿದ್ದಳು. ಇಬ್ಬರೂ ತೊಟ್ಟಿಲಲ್ಲಿ ಕೂತರು. ಚಕ್ರ ತಿರುಗಿಸುವವನು ಒಂದು ಸೀಟಿ ಊದಿದ. ಸೊಸೆಯ ಕುಂಡೆ ತಾನೇ ತಾನಾಗಿ ಅರ್ಧ ಮೇಲೆದ್ದಿತು. ಅಕ್ಕ ಸೆರಗು ಹಿಡಿದು ಎಳೆದು ಕೂರಿಸಿದಳು.

ಆಮೇಲೆ ಎರಡು ಊದಿದ.

"ರೈಟ್!" ಎಂದು ಸೊಸೆ ಉದ್ಯಾನವೆಲ್ಲ ಕೇಳುವಂತೆ ಕಿರುಚಿದಳು. ನೆಲ ಕೆಳಗೆ ಜಾರಿತು.